ಅಟ್ಟದ ಟ್ರಂಕಿನಲ್ಲಿ ಸಿಕ್ಕ ಪ್ಲೇಟು: ಹಚ್ಚುವ ಮುಂಚೆ ಓದಿ

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ಹಳೆ ಮನೆ ಕೆಡವಿಸುತ್ತಿದ್ದೇವೆ. ಅಟ್ಟದ ಮೇಲೆ ತಗಡಿನ ಟ್ರಂಕಿನಲ್ಲಿ ಅಜ್ಜನ ಕಾಲದ 38 ಗ್ರಾಮಾಫೋನ್ ಪ್ಲೇಟುಗಳು ಸಿಕ್ಕವು. ಎರಡು ಒಡೆದಿವೆ, ಸುಮಾರು ಹತ್ತಕ್ಕೆ ಬಿಳಿ ಬೂಷ್ಟು ಹಿಡಿದಿದೆ. ಬಹುಪಾಲು ಹಿಂದಿ, ಮರಾಠಿ, ಸಿನಿಮಾ ಹಾಡುಗಳು. ಮೂರು ಮಾತ್ರ ಕನ್ನಡ ನಾಟಕದ ಹಾಡುಗಳು. ಅವುಗಳ ಲೇಬಲ್ಲಿನ ಮೇಲೆ ಇಂಗ್ಲಿಷಿನಲ್ಲಿ ‘ಮಿಸ್’ ಎಂದಿದೆ, ಹೆಸರು ಹುಳ ತಿಂದು ಹೋಗಿದೆ, ಕೊನೆಗೆ ‘ಆಫ್ ಹುಬ್ಳಿ’ ಎಂದಿದೆ. ಈಕೆಯ ಹಾಡು ಕೇಳಲು ಅಜ್ಜ ಚಕ್ಕಡಿ ಕಟ್ಟಿಕೊಂಡು ನಾಟಕಕ್ಕೆ ಹೋಗುತ್ತಿದ್ದನೆಂದು ಮನೆಯಲ್ಲಿ ಹೇಳುತ್ತಾರೆ. ಈಕೆ ಯಾರೆಂದು ಪತ್ತೆ ಮಾಡಬಹುದೇ? ಪ್ಲೇಟನ್ನು ಸ್ಪಿರಿಟ್ಟಿನಿಂದ ಒರೆಸು ಎಂದು ಒಬ್ಬರು, ಬಿಸಿನೀರು ಸಾಬೂನು ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಆನ್‌ಲೈನಿನಲ್ಲಿ ಸೂಟ್‌ಕೇಸ್ ಆಕಾರದ ಯುಎಸ್‌ಬಿ ಪ್ಲೇಯರ್ ನೋಡಿಟ್ಟಿದ್ದೇನೆ. ಹಳೆ ಸಾಮಾನಿನ ವ್ಯಾಪಾರಿಯೊಬ್ಬರು ಇಡೀ ಟ್ರಂಕಿಗೆ 5000 ರೂಪಾಯಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಭಾವನವರು ಇವು ಲಕ್ಷಗಟ್ಟಲೆ ಬಾಳುತ್ತವೆ, ಕೊಡಬೇಡ ಎನ್ನುತ್ತಾರೆ. ಹಾಡುಗಳನ್ನು ಯೂಟ್ಯೂಬಿಗೆ ಹಾಕಿದರೆ ಕಾನೂನಿನ ತೊಂದರೆ ಇದೆಯೇ?

ಉತ್ತರ: ನೀವು ಐದು ಪ್ರಶ್ನೆ ಕೇಳಿದ್ದೀರಿ, ಆದರೆ ಒಳಗಿನ ಅಳುಕು ಒಂದೇ: ಕೈಯಲ್ಲಿರುವುದು ಏನೆಂದು ತಿಳಿಯುವಷ್ಟರಲ್ಲಿ ನಾನೇ ಅದನ್ನು ಹಾಳು ಮಾಡಿಬಿಟ್ಟರೆ? ಅಳುಕು ಸರಿಯಾದದ್ದೇ. ಇಂಥ ಪ್ಲೇಟುಗಳು ಅಟ್ಟದ ಮೇಲೆ ಎಪ್ಪತ್ತು ಎಂಬತ್ತು ವರ್ಷ ಸುಮ್ಮನೆ ಬಾಳುತ್ತವೆ. ಕೆಡುವುದು ಹೆಚ್ಚಾಗಿ ಸಿಕ್ಕ ಮೊದಲ ವಾರದಲ್ಲಿ, ಪ್ರೀತಿ ಹೆಚ್ಚಾಗಿ. ಆದ್ದರಿಂದ ಸ್ಪಿರಿಟ್ ಬಾಟಲಿ ಎತ್ತಿಡಿ. ಪ್ಲೇಯರನ್ನು ಸದ್ಯಕ್ಕೆ ತರಿಸಬೇಡಿ. ವ್ಯಾಪಾರಿಗೆ ಒಂದು ತಿಂಗಳು ಬಿಟ್ಟು ಬರಲು ಹೇಳಿ.

ಸ್ಪಿರಿಟ್ ಯಾಕೆ ಬೇಡ? ಈ ಪ್ಲೇಟುಗಳನ್ನು ಕಟ್ಟಿ ಹಿಡಿದಿರುವ ಅಂಟು ಅರಗು. ತೂಕದ ಹೆಚ್ಚಿನ ಪಾಲು ಕಲ್ಲಿನ ಪುಡಿ, ಜೊತೆಗೆ ಕಪ್ಪಿಗೆ ಕಾಡಿಗೆ, ಬಿಗಿಗೆ ಒಂದಿಷ್ಟು ಹತ್ತಿಯ ಎಳೆ. ಇವನ್ನೆಲ್ಲ ಒಂದಾಗಿ ಹಿಡಿದದ್ದು ಅರಗು. ಬಡಗಿಗಳು ಕುರ್ಚಿ ಮೇಜಿಗೆ ಪಾಲಿಶ್ ಹಚ್ಚುವಾಗ ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲೇ. ಪ್ಲೇಟಿನ ಮೇಲೆ ಒಮ್ಮೆ ಒರೆಸಿದರೆ ಬಟ್ಟೆ ಕಂದು ಕಪ್ಪಾಗಿ ಬರುತ್ತದೆ. ‘ಎಷ್ಟು ಕೊಳೆ ಇತ್ತು ನೋಡಿ’ ಎಂದು ಖುಷಿಪಡುತ್ತಾರೆ. ಬಟ್ಟೆಗೆ ಬಂದದ್ದು ಕೊಳೆಯಲ್ಲ, ಹಾಡು. ಸ್ಯಾನಿಟೈಸರ್, ಥಿನ್ನರ್, ಸ್ಪ್ರೇ ಸೆಂಟು, ಸ್ಪಿರಿಟ್ ಬೆರೆತ ಕನ್ನಡಕ ಒರೆಸುವ ದ್ರಾವಣ ಎಲ್ಲವೂ ಇದೇ ಜಾತಿ. ಎಲ್‌ಪಿ (ಮುಂದೆ ಬಂದ ಪ್ಲಾಸ್ಟಿಕ್ ಪ್ಲೇಟು) ತೊಳೆಯುವ ದ್ರಾವಣಗಳಲ್ಲೂ ಹಲವಕ್ಕೆ ಆಲ್ಕೋಹಾಲ್ ಸೇರಿರುತ್ತದೆ. ಎಲ್‌ಪಿ ಪ್ಲಾಸ್ಟಿಕ್ಕಾದ್ದರಿಂದ ತಡೆದುಕೊಳ್ಳುತ್ತದೆ, ಇದು ತಡೆಯುವುದಿಲ್ಲ. ಬಿಸಿನೀರೂ ಬೇಡ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹತ್ತುವುದು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಹುಟ್ಟುವ ಬಿಸಿಗೆ. ಅಷ್ಟು ಸುಲಭವಾಗಿ ಮೆತ್ತಗಾಗುವ ವಸ್ತುವನ್ನು ಬಿಸಿನೀರಿಗಾಗಲಿ ಮಧ್ಯಾಹ್ನದ ಬಿಸಿಲಿಗಾಗಲಿ ಒಡ್ಡಿದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಅಂದಹಾಗೆ 38 ಪ್ಲೇಟುಗಳೂ ಅರಗಿನವೇ ಎಂದು ಖಚಿತ ಮಾಡಿಕೊಳ್ಳಿ. ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಅರಗಿನದು ಬಿಲ್ಲೆ ಹಂಚಿನಂತೆ ಟಣ್ ಎನ್ನುತ್ತದೆ, ಪ್ಲಾಸ್ಟಿಕ್ಕು ಮಂಕಾಗಿ ಸದ್ದು ಮಾಡುತ್ತದೆ. ಹತ್ತು ಅಂಗುಲದ ಅರಗಿನ ಪ್ಲೇಟು 200 ಗ್ರಾಂ ಆಸುಪಾಸು ತೂಗುತ್ತದೆ. ಒಂದು ಜಾತಿಯ ಬಗ್ಗೆ ಮಾತ್ರ ವಿಶೇಷ ಎಚ್ಚರ: ಲೇಬಲ್ ಕೈಬರಹದಲ್ಲಿದ್ದು, ನಡುವಿನ ತೂತಿನಲ್ಲಿ ಅಲ್ಯುಮಿನಿಯಂ ಮಿನುಗು ಕಂಡರೆ ಅದು ಕಾರ್ಖಾನೆಯಲ್ಲಿ ಒತ್ತಿದ್ದಲ್ಲ, ನೇರವಾಗಿ ಕೊರೆದ ಲ್ಯಾಕರ್ ತಟ್ಟೆ. ಅದಕ್ಕೆ ಇನ್ನೊಂದು ಪ್ರತಿ ಇರುವುದೇ ಅನುಮಾನ. ಮೇಲ್ಪದರ ಬಿರಿದು ಉದುರುತ್ತದೆ. ಅದರ ಮೇಲಿನ ಬಿಳಿ ಜಿಡ್ಡು ಬೂಷ್ಟಲ್ಲ, ಪದರದೊಳಗಿನ ಎಣ್ಣೆ ಹೊರಬಂದದ್ದು. ಅಂಥದೇನಾದರೂ ಇದ್ದರೆ ತೊಳೆಯದೆ, ಹಚ್ಚದೆ, ನೇರವಾಗಿ ಸಂಗ್ರಹಾಲಯದವರ ಕೈಗೆ ಕೊಡಿ.

ಈಗ ಓದುವ ಕೆಲಸ. ಪ್ಲೇಟು ಹಚ್ಚುವ ಮುಂಚೆ ಅದನ್ನು ಓದಬೇಕು. ಹಾಡನ್ನು ಯಾವಾಗಲಾದರೂ ಕೇಳಬಹುದು; ಒಮ್ಮೆ ತೊಳೆಯುವಾಗ ಲೇಬಲ್ ಕಿತ್ತು ಬಂದರೆ ಆ ಹಾಡು ಯಾರದೆಂಬುದು ಹೋಯಿತು. ಪ್ರತಿ ಪ್ಲೇಟಿನ ಎರಡೂ ಬದಿಯ ಫೋಟೋ ತೆಗೆಯಿರಿ. ಫ್ಲ್ಯಾಷ್ ಬೇಡ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪ್ಲೇಟಿನ ಮಟ್ಟಕ್ಕೇ ತಂದು ಅಡ್ಡವಾಗಿ ಬೆಳಕು ಹಾಯಿಸಿ. ಕೊನೆಯ ಗೆರೆಗೂ ಲೇಬಲ್ಲಿಗೂ ನಡುವೆ ಇರುವ ನುಣ್ಣನೆ ಜಾಗದಲ್ಲಿ ಕೊರೆದ ಅಥವಾ ಒತ್ತಿದ ಅಂಕಿಗಳು ಮೂಡಿ ಕಾಣುತ್ತವೆ. ಕೆಲವೊಮ್ಮೆ ಅವು ಲೇಬಲ್ಲಿನ ಕಾಗದದಡಿ ಉಬ್ಬಿರುತ್ತವೆ. ಕಾಣಲಿ ಎಂದು ಸೀಮೆಸುಣ್ಣ ಉಜ್ಜುವವರಿದ್ದಾರೆ. ದಯವಿಟ್ಟು ಬೇಡ, ಆ ಪುಡಿ ಗೆರೆಯೊಳಗೆ ಕೂರುತ್ತದೆ.

ಲೇಬಲ್ಲಿನ ಮೇಲಿರುವುದು ಮಾರಾಟದ ಸಂಖ್ಯೆ. ನುಣ್ಣನೆ ಜಾಗದಲ್ಲಿರುವುದು ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ಬದಿಯ ಧ್ವನಿಮುದ್ರಣದ ಸ್ವಂತ ಸಂಖ್ಯೆ. ಇದೇ ನಿಮಗೆ ಮುಖ್ಯ. ಒಂದೇ ಧ್ವನಿಮುದ್ರಣ ಶಿಬಿರದಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಹಾಡಿಸಿದವಕ್ಕೆ ಸಾಲಾಗಿ ಸಂಖ್ಯೆ ಬೀಳುತ್ತಿತ್ತು. ನಿಮ್ಮ ಮೂರು ಪ್ಲೇಟುಗಳ ಆರು ಸಂಖ್ಯೆಗಳು ಹತ್ತಿರ ಹತ್ತಿರ ಇದ್ದರೆ ಒಂದೇ ಬೈಠಕ್ಕಿನಲ್ಲಿ ಹಾಡಿದ್ದು. ಆಗ ಮೂರರಲ್ಲಿ ಒಂದರ ಮೇಲೆ ಉಳಿದ ಅರ್ಧ ಹೆಸರು ಇನ್ನೆರಡಕ್ಕೂ ಸಲ್ಲುತ್ತದೆ. ಹುಳ ತಿಂದ ಜಾಗ ಮೂರರಲ್ಲೂ ಒಂದೇ ಆಗಿರುವುದಿಲ್ಲವಲ್ಲ, ಮೂರೂ ಫೋಟೋ ಪಕ್ಕಪಕ್ಕ ಇಟ್ಟು ಅಕ್ಷರ ಕೂಡಿಸಿ ನೋಡಿ. ಗ್ರಾಮಾಫೋನ್ ಕಂಪನಿಯ ಹಳೆಯ ಪ್ಲೇಟುಗಳಲ್ಲಿ ಸಂಖ್ಯೆಯ ಕೊನೆಯ ಅಕ್ಷರ ಮುದ್ರಿಸಿದ ಎಂಜಿನಿಯರ್ ಯಾರೆಂದು ಹೇಳುತ್ತದೆ. ಅದೇ ಕಂಪನಿಯ ಎಚ್‌ಎಂವಿ ಪ್ಲೇಟಿನಲ್ಲಿ ಸಂಖ್ಯೆಯ ಪಕ್ಕ ಸಣ್ಣ ತ್ರಿಕೋನ ಇದ್ದರೆ 1925ರ ನಂತರದ ವೆಸ್ಟರ್ನ್ ಎಲೆಕ್ಟ್ರಿಕ್ ಮೈಕಿನ ವಿಧಾನ, ಚೌಕ ಇದ್ದರೆ 1931ರಿಂದ ಈಚಿನ ಕಂಪನಿಯ ಸ್ವಂತ ವಿಧಾನ. ಕೊಲಂಬಿಯಾ ಕಂಪನಿಯ ಪ್ಲೇಟಿನಲ್ಲಿ ವೃತ್ತದೊಳಗೆ ಡಬ್ಲ್ಯು ಅಥವಾ ಸಿ ಇರುತ್ತದೆ, ಅರ್ಥ ಅದೇ. ಒಂದೇ ಬದಿಗೆ ಹಾಡಿದ್ದು ಇನ್ನೊಂದು ಬದಿ ಖಾಲಿ ಇದ್ದರೆ ಸಾಮಾನ್ಯವಾಗಿ 1908ಕ್ಕೂ ಹಿಂದಿನದು. ‘ಮಿಸ್’ ನಾಟಕದ ಪ್ಲೇಟುಗಳು ಅಷ್ಟು ಹಳೆಯವಾಗಿರುವುದು ಅಪರೂಪ.

ಇನ್ನು ಹೆಸರಿನ ಪ್ರಶ್ನೆ. ಲೇಬಲ್ಲಿನ ಮೇಲಿದ್ದದ್ದು ಆಕೆಯ ಮನೆಯ ಹೆಸರೇ ಆಗಿರಬೇಕಿಲ್ಲ. ಅದು ಅಂಗಡಿಯಲ್ಲಿ ಮಾರಾಟವಾಗಲಿ ಎಂದು ಇಟ್ಟ ಹೆಸರು, ಬರೆದವರು ಹೆಚ್ಚಾಗಿ ಕನ್ನಡ ಬಾರದ ಗುಮಾಸ್ತರು. ಮಿಸ್, ಬಾಯಿ, ಜಾನ್ ಇವೆಲ್ಲ ಬಿರುದಿನಂತೆ ಅಂಟಿಸಿದವು. ಊರಿನ ಹೆಸರು ಹುಟ್ಟೂರಿರಬಹುದು, ನಾಟಕ ಕಂಪನಿ ಬೀಡುಬಿಟ್ಟ ಊರಿರಬಹುದು, ಪ್ಲೇಟು ಕಂಪನಿಯ ಏಜೆಂಟ್ ಆಕೆಯನ್ನು ಕರೆತಂದ ಊರೂ ಇರಬಹುದು. ಬೀಳಗಿಯ ಅಮೀರಬಾಯಿ, ಗೋಹರಬಾಯಿ ಅಕ್ಕತಂಗಿಯರಿಗೆ ಮುಂಬಯಿಯಲ್ಲಿ ‘ಕರ್ನಾಟಕಿ’ ಎಂಬುದೇ ಮನೆತನದ ಹೆಸರಾಗಿ ನಿಂತಿತು. ಈ ಗೋಹರಬಾಯಿಯ ಹಾಡನ್ನು ಕಲ್ಕತ್ತೆಯ ಗಾಯಕಿ ಗೌಹರ್ ಜಾನ್ ಹೆಸರಿಗೆ, ಅವರಿಬ್ಬರದನ್ನೂ ಸಿನಿಮಾದ ಮಿಸ್ ಗೋಹರ್ ಹೆಸರಿಗೆ ಹಚ್ಚಿದ ಉದಾಹರಣೆಗಳು ಅಂತರಜಾಲದಲ್ಲಿ ಬೇಕಾದಷ್ಟಿವೆ. ಗೌಹರ್ ಜಾನ್ 1930ರ ಜನವರಿಯಲ್ಲಿ ಮೈಸೂರಿನಲ್ಲಿ ತೀರಿಕೊಂಡದ್ದರಿಂದ ‘ಕನ್ನಡ ನಾಡಿನ ಗೋಹರ್’ ಎಂದರೆ ಗೊಂದಲ ಇನ್ನೂ ದುಪ್ಪಟ್ಟು.

ನಿಮ್ಮ ‘ಆಫ್ ಹುಬ್ಳಿ’ ಕಂಡು ಯಾರಾದರೂ ಜಾಣರು ತಟ್ಟನೆ ಗಂಗೂಬಾಯಿ ಹಾನಗಲ್ ಎಂದಾರು. ಅದಕ್ಕೆ ಕಾರಣವೂ ಇದೆ: ಅವರ 1930ರ ದಶಕದ ಮೊದಲ ಎಚ್‌ಎಂವಿ ಪ್ಲೇಟುಗಳಲ್ಲಿ ಹೆಸರು ಗಂಗೂಬಾಯಿ ಎಂದಿಲ್ಲ, ‘ಗಾಂಧಾರಿ’ ಎಂದಿದೆ. ಹುಳ ತಿಂದ ಜಾಗದಲ್ಲಿ ಇಂಗ್ಲಿಷಿನ ಜಿ ಅಕ್ಷರ ಸಿಕ್ಕರೆ ಎದೆ ಹಾರುವುದು ಸಹಜ. ಆದರೆ ಅವರು ನಾಟಕ ಕಂಪನಿಯ ನಟಿಯಲ್ಲ, ನಿಮ್ಮ ಲೇಬಲ್ ನಾಟಕದ ಹಾಡು ಎನ್ನುತ್ತಿದೆ, ಅಜ್ಜ ಹೋಗುತ್ತಿದ್ದದ್ದೂ ನಾಟಕಕ್ಕೆ. ದೊಡ್ಡ ಹೆಸರಿಗೆ ಅಂಟಿಸುವ ಆತುರವೇ ಸಣ್ಣ ಹೆಸರುಗಳನ್ನು ಮತ್ತೊಮ್ಮೆ ಹೂಳುವುದು. ಹುಬ್ಬಳ್ಳಿ, ಗದಗ ಸೀಮೆಯಲ್ಲಿ ಆಗ ವಾಮನರಾವ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಇದ್ದವು. ಅವಲ್ಲದೆ ಎರಡು ಮೂರು ವರ್ಷ ಬಾಳಿ ಮುಚ್ಚಿದ ಸಣ್ಣ ಕಂಪನಿಗಳು ಹಲವು. ಹುಡುಕಾಟ ಅಲ್ಲಿಂದ ಶುರುವಾಗಲಿ.

ಮೊದಲ ಎಳೆ ಹಾಡಿನ ಪಲ್ಲವಿ ಮತ್ತು ನಾಟಕದ ಹೆಸರು. ಲೇಬಲ್ಲಿನ ಮೇಲೆ ‘ಡ್ರಾಮಾ’ ಎಂದು ನಾಟಕದ ಹೆಸರು ಕೊಟ್ಟಿದ್ದರೆ ಅರ್ಧ ದಾರಿ ಸವೆಯಿತು. ಆದರೆ ಸದಾರಮೆ, ಗುಲೇಬಕಾವಲಿಯಂಥ ನಾಟಕಗಳನ್ನು ಆಡದ ಕಂಪನಿಯೇ ಇರಲಿಲ್ಲ. ಅಂಥದಾದರೆ ನಾಟಕದ ಹೆಸರೊಂದರಿಂದ ನಟಿ ಸಿಗುವುದಿಲ್ಲ. ಆಗ ಕಂಪನಿಗಳು ಥಿಯೇಟರಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಬೇಕು. ಒಂದೇ ನಾಟಕಕ್ಕೆ ಪ್ರತಿ ಕಂಪನಿಯ ಕವಿ ಬೇರೆ ಬೇರೆ ಹಾಡು ಬರೆದಿರುತ್ತಿದ್ದರಿಂದ ಪಲ್ಲವಿ ಯಾವ ಪುಸ್ತಕದಲ್ಲಿ ಸಿಕ್ಕಿತೋ ಆಕೆ ಆ ಕಂಪನಿಯವಳಾಗಿರುವ ಸಾಧ್ಯತೆ ಹೆಚ್ಚು. ಪ್ಲೇಟಿನ ಹಾಡು ಪುಸ್ತಕಕ್ಕಿಂತ ಚಿಕ್ಕದಿದ್ದರೆ ಗಾಬರಿ ಬೇಡ. ಹತ್ತು ಅಂಗುಲದ ಒಂದು ಬದಿಗೆ ಹಿಡಿಸುವುದು ಮೂರು ನಿಮಿಷದ ಆಸುಪಾಸು, ಹನ್ನೆರಡು ಅಂಗುಲದ್ದಕ್ಕೆ ನಾಲ್ಕು ಚಿಲ್ಲರೆ. ನಡುವಿನ ಚರಣ ಹಾರಿಸಿಯೇ ಹಾಡುತ್ತಿದ್ದರು. ಕಂಪನಿ ಗೊತ್ತಾದ ಮೇಲೆ ಕರಪತ್ರ, ಅಂದಿನ ಪತ್ರಿಕೆಯ ಜಾಹೀರಾತು ನೋಡಿದರೆ ಪಾತ್ರಧಾರಿಗಳ ಪಟ್ಟಿ ಸಿಗುತ್ತದೆ.

ಎರಡನೆಯ ಎಳೆ ಪ್ಲೇಟು ಕಂಪನಿಗಳ ಕ್ಯಾಟಲಾಗು. ಇಲ್ಲಿ ಭಾಷೆಯ ಹೆಸರೇ ದಾರಿ ತಪ್ಪಿಸುತ್ತದೆ. ಹಳೆ ಪಟ್ಟಿಗಳಲ್ಲಿ ‘ಕನ್ನಡ’ ಎಂದು ಹುಡುಕಿದರೆ ಏನೂ ಸಿಗದು. ಅದು ‘ಕೆನರೀಸ್’ ಎಂದಿದೆ, ಅದೂ ಸಿ ಅಕ್ಷರದಿಂದ ಒಮ್ಮೆ, ಕೆ ಅಕ್ಷರದಿಂದ ಒಮ್ಮೆ. ಧಾರವಾಡ ಸೀಮೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಹುಬ್ಬಳ್ಳಿಯ ಗಾಯಕಿ ಮುದ್ರಣಕ್ಕೆ ಹೋಗುತ್ತಿದ್ದದ್ದು ಹೆಚ್ಚಾಗಿ ಮುಂಬಯಿಗೆ. ಅವಳನ್ನು ಮರಾಠಿ ಪುಟಗಳಲ್ಲೂ ಹುಡುಕಿ. ಹಳೆ ಮೈಸೂರಿನವರು ಮದ್ರಾಸಿನ ಪಟ್ಟಿಯಲ್ಲಿ ತಮಿಳು ತೆಲುಗಿನ ನಡುವೆ ಸಿಗುತ್ತಾರೆ. ಮುಂಬಯಿಯ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್‌ನ ಸದಸ್ಯರಲ್ಲಿ ಇಂಥ ಪಟ್ಟಿ ಇಟ್ಟುಕೊಂಡವರಿದ್ದಾರೆ. ಸಂಶೋಧಕ ಮೈಕೆಲ್ ಕಿನ್ನಿಯರ್ ಅವರು ಗ್ರಾಮಾಫೋನ್ ಕಂಪನಿಯ ಭಾರತೀಯ ಮುದ್ರಣಗಳ ಸಂಖ್ಯಾವಾರು ಪಟ್ಟಿಗಳನ್ನು ಪ್ರಕಟಿಸಿದ್ದಾರೆ, ಅವು ಆರಂಭದ ವರ್ಷಗಳವು. ಓಡಿಯನ್ ಮತ್ತು ಯಂಗ್ ಇಂಡಿಯಾ ಲೇಬಲ್ಲಿನ ಪ್ಲೇಟುಗಳು ನಿಮ್ಮಲ್ಲಿದ್ದರೆ ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯಡಿ ಡಿಜಿಟಲ್ ಮಾಡಿದ ಸಂಗ್ರಹದೊಂದಿಗೆ ಹೋಲಿಸಿ ನೋಡಬಹುದು. ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೆ ಪ್ಲೇಟುಗಳನ್ನೇ ಡಿಜಿಟಲ್ ಮಾಡುವ ಸಂಸ್ಥೆ. ಇವರಿಗೆಲ್ಲ ಬರೆಯುವಾಗ ‘ಅಜ್ಜನ ಕಾಲದ ಅಪರೂಪದ ಪ್ಲೇಟು’ ಎಂದು ಬರೆಯಬೇಡಿ. ಲೇಬಲ್, ಮಾರಾಟದ ಸಂಖ್ಯೆ, ಎರಡೂ ಮ್ಯಾಟ್ರಿಕ್ಸ್ ಸಂಖ್ಯೆ, ಪಲ್ಲವಿ, ಜೊತೆಗೆ ಫೋಟೋ ಇಷ್ಟಿದ್ದರೆ ಉತ್ತರ ಬರುವ ಸಂಭವ ಹೆಚ್ಚು.

ಮೂರನೆಯದು ಹಾಡಿನ ಬಾಲ. ಆರಂಭದ ವರ್ಷಗಳಲ್ಲಿ ಇಲ್ಲಿ ಮೇಣದ ಮೇಲೆ ಮುದ್ರಿಸಿದ್ದನ್ನು ಜರ್ಮನಿಯ ಹ್ಯಾನೋವರಿಗೆ ಕಳಿಸಿ ಪ್ಲೇಟು ಒತ್ತಿಸುತ್ತಿದ್ದರು. ಅಲ್ಲಿನವರಿಗೆ ಯಾವುದು ಯಾರದೆಂದು ತಿಳಿಯಲೆಂದು ಗಾಯಕರು ಕೊನೆಗೆ ಹೆಸರು ಕೂಗುತ್ತಿದ್ದರು. ಗೌಹರ್ ಜಾನ್ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುವುದು ಪ್ರಸಿದ್ಧ. ಕಲ್ಕತ್ತೆಯ ಸಿಯಾಲದಾದಲ್ಲಿ 1908ರಲ್ಲಿ ಕಾರ್ಖಾನೆ ಶುರುವಾದ ಮೇಲೆ ಅದರ ಅಗತ್ಯ ಕಡಿಮೆಯಾಯಿತು, ಆದರೂ ಅಭ್ಯಾಸ ಕೆಲಕಾಲ ಉಳಿಯಿತು. ನಿಮ್ಮ ಪ್ಲೇಟಿನಲ್ಲಿ ಹೆಸರು ಕೂಗಿರದಿದ್ದರೂ ತಬಲಾದವರಿಗೋ ಪೇಟಿಯವರಿಗೋ ‘ಶಾಭಾಸ್’ ಎಂದು ಹೆಸರು ಹಿಡಿದು ಕರೆದದ್ದು ಸಿಕ್ಕರೆ ಅದೂ ಸುಳಿವೇ. ಆದ್ದರಿಂದ ಡಿಜಿಟಲ್ ಮಾಡುವಾಗ ಹಾಡು ಮುಗಿದ ಮೇಲೂ ಹತ್ತು ಸೆಕೆಂಡು ಓಡಲಿ.

ಒಂದು ಸೂಕ್ಷ್ಮ. ಗ್ರಾಮಾಫೋನಿನ ಮೊದಲ ದಶಕಗಳಲ್ಲಿ ಯಂತ್ರದ ಮುಂದೆ ಧೈರ್ಯವಾಗಿ ಹಾಡಿದ ಹೆಂಗಸರಲ್ಲಿ ಹೆಚ್ಚಿನವರು ಹಾಡು ಕುಣಿತವೇ ಕಸುಬಾದ ದೇವದಾಸಿ, ಕಲಾವಂತ, ತವಾಯಫ್ ಮನೆತನಗಳವರು. ಮುಂದೆ ಅದೇ ಮನೆತನಗಳಿಗೆ ಸಮಾಜ ಕೊಟ್ಟ ಕಳಂಕದಿಂದಾಗಿ ಮಕ್ಕಳು ಮೊಮ್ಮಕ್ಕಳು ಊರು, ಹೆಸರು ಬದಲಿಸಿಕೊಂಡರು, ಪ್ಲೇಟುಗಳನ್ನು ಬಚ್ಚಿಟ್ಟರು. ಅನೇಕ ಗಾಯಕಿಯರು ಮರೆತುಹೋದದ್ದಕ್ಕೆ ಕಂಠದ ದೋಷ ಕಾರಣವಲ್ಲ, ಇದು ಕಾರಣ. ಹಾಗೆಂದು ನಾಟಕದ ನಟಿಯರೆಲ್ಲ ಅದೇ ಹಿನ್ನೆಲೆಯವರು ಎಂದೂ ಅಲ್ಲ. ಹುಡುಕುತ್ತಾ ಆಕೆಯ ಸಂಬಂಧಿಕರ ಬಾಗಿಲಿಗೆ ಹೋದರೆ ಫೋಟೋ, ಹಾಡು ಕೇಳಿಸಿ ಮಾತು ಶುರುಮಾಡಿ. ಜಾತಿ, ಮನೆತನದ ಬಗ್ಗೆ ಊಹೆಯನ್ನು ಎಲ್ಲಿಯೂ ಪ್ರಕಟಿಸಬೇಡಿ.

ಇನ್ನು ಶುಚಿ ಮಾಡುವುದು. ಬೂಷ್ಟು ಹಿಡಿದ ಹತ್ತನ್ನು ಬೇರೆ ಮಾಡಿ, ಮೂಗಿಗೆ ಮಾಸ್ಕ್ ಕಟ್ಟಿ, ಅಂಗಳದ ನೆರಳಿನಲ್ಲಿ ಮೆತ್ತನೆ ಒಣ ಬ್ರಷ್ಷಿನಿಂದ ಗೆರೆಯ ಗುಂಟ ಝಾಡಿಸಿ. ಆಮೇಲೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ, ಅಂದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಆಮ್ಲ ಬೆರೆಸದ ನೀರಿಗೆ, ವಾಸನೆ ಬಣ್ಣವಿಲ್ಲದ ಪಾತ್ರೆ ತೊಳೆಯುವ ದ್ರವ ಮೂರು ನಾಲ್ಕು ಹನಿ. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಒಣಗಿದ ಮೇಲೆ ಗೆರೆಯಲ್ಲಿ ಉಳಿದು ಚಟಪಟ ಎನ್ನುತ್ತದೆ. ಎಳೆ ಮಕ್ಕಳ ಹಲ್ಲುಜ್ಜುವ ಬ್ರಷ್ಷನ್ನು ಒದ್ದೆ ಮಾಡಿ, ಗೆರೆಯ ದಿಕ್ಕಿನಲ್ಲೇ, ಲೇಬಲ್ಲಿಗೆ ಒಂದು ಬೆರಳು ದೂರ ನಿಲ್ಲಿಸಿ. ಪ್ಲೇಟನ್ನು ನೀರಿನಲ್ಲಿ ನೆನೆಹಾಕಬೇಡಿ. ಅರಗಿಗೆ ಕ್ಷಣದ ನೀರು ಏನೂ ಮಾಡದು, ಆದರೆ ಒಳಗಿನ ಹತ್ತಿ, ಪುಡಿ ನೀರು ಕುಡಿದರೆ ಉಬ್ಬುತ್ತದೆ. ಅಂಚು ಒಡೆದಿದ್ದರೆ ಅಲ್ಲಿಂದಲೇ ಇಳಿಯುತ್ತದೆ. ಪದರಪದರವಾಗಿ ಮಾಡಿದ ಕೆಲವು ಹಳೆ ಕೊಲಂಬಿಯಾ ಪ್ಲೇಟುಗಳಲ್ಲಿ ಇದು ಇನ್ನೂ ಅಪಾಯ. ಬರಿ ಡಿಸ್ಟಿಲ್ಡ್ ನೀರಿನ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಒಣ ಮೆತ್ತನೆ ಬಟ್ಟೆಯಿಂದ ಒತ್ತಿ, ಪಾತ್ರೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಿನಲ್ಲಿ ಒಂದು ದಿನ ಬಿಡಿ. ಮೊದಲ ಪ್ರಯೋಗ ಹಿಂದಿ ಸಿನಿಮಾದ ಯಾವುದಾದರೂ ಸಾಧಾರಣ ಪ್ಲೇಟಿನ ಮೇಲೆ. ಆ ಮೂರರ ಸರದಿ ಕೊನೆಗೆ.

ನೀವು ನೋಡಿಟ್ಟ ಸೂಟ್‌ಕೇಸ್ ಪ್ಲೇಯರಿನ ತೊಡಕು ‘78’ ವೇಗ (ನಿಮಿಷಕ್ಕೆ 78 ಸುತ್ತು) ಇಲ್ಲದ್ದಲ್ಲ, ಹಲವದರಲ್ಲಿ ಅದು ಇರುತ್ತದೆ. ತೊಡಕು ಮುಳ್ಳಿನದು. ಎಲ್‌ಪಿಯ ಗೆರೆಗೆ ಮಾಡಿದ ಮುಳ್ಳಿನ (ಸ್ಟೈಲಸ್) ತುದಿ 18 ಮೈಕ್ರಾನ್ ಆಸುಪಾಸು. ಈ ಪ್ಲೇಟಿನ ಗೆರೆಗೆ ಬೇಕಾದದ್ದು 75 ಮೈಕ್ರಾನ್ ಹತ್ತಿರ, ಅಂದರೆ ಅಂಗುಲದ ಸಾವಿರದಲ್ಲಿ ಮೂರು ಭಾಗ (ಮೂರು ಮಿಲ್). ಸಣ್ಣದನ್ನು ಇಟ್ಟರೆ ಅದು ಗೋಡೆಗಳನ್ನು ಮುಟ್ಟದೆ ಗೆರೆಯ ತಳದ ಕಸದಲ್ಲಿ ತೆವಳುತ್ತದೆ, ಹಾಡಿಗಿಂತ ಕರಕರ ಹೆಚ್ಚು ಕೇಳುತ್ತದೆ. ‘ಪ್ಲೇಟು ಸವೆದಿದೆ’ ಎಂದು ಜನ ಬಿಸಾಡುವುದು ಹೀಗೆ. ಬೇಕಾದದ್ದು 78 ವೇಗವಿರುವ, ತೂಕ ಹೊಂದಿಸಬಹುದಾದ ತೋಳಿನ, ಮುಳ್ಳು ಕೂರುವ ಕಾರ್ಟ್ರಿಜ್ ಬದಲಿಸಬಹುದಾದ ಟರ್ನ್‌ಟೇಬಲ್. ಅದಕ್ಕೆ ಆಡಿಯೋ ಟೆಕ್ನಿಕಾದ ವಿಎಂ95ಎಸ್‌ಪಿಯಂಥ ಮೂರು ಮಿಲ್ ಮುಳ್ಳು ಹಾಕಿ, ಭಾರ 5 ಗ್ರಾಂ ಇಡಿ. ಮೂರು ಪ್ಲೇಟಿಗೆ ಇಷ್ಟು ಖರ್ಚು ಬೇಡವೆನಿಸಿದರೆ ಸಲಕರಣೆ ಇರುವ ಸಂಗ್ರಾಹಕರಲ್ಲಿ ಮಾಡಿಸಿಕೊಳ್ಳುವುದೇ ಮೇಲು. ನೀವು ಎದುರಿಗೆ ಕೂತು, ಪ್ಲೇಟು ವಾಪಸ್ ತರುವ ಕರಾರಿನ ಮೇಲೆ.

ಮನೆಯಲ್ಲಿ ಕೀಲಿ ಕೊಡುವ ಹಳೆ ಗ್ರಾಮಾಫೋನ್ ಇದ್ದರೆ ಅದರಲ್ಲಿ ಕೇಳುವುದೇ ಶಾಸ್ತ್ರೋಕ್ತ ಎಂಬ ನಂಬಿಕೆ ಬೇರೂರಿದೆ. ಪಿನ್ನು ಹಿಡಿದಿರುವ ಅದರ ಸೌಂಡ್‌ಬಾಕ್ಸು ನೂರು ಗ್ರಾಮಿಗೂ ಹೆಚ್ಚು ಭಾರ ಹೇರುತ್ತದೆ. ಪ್ಲೇಟಿಗೆ ಕಲ್ಲಿನ ಪುಡಿ ಬೆರೆಸಿದ್ದರಲ್ಲಿ ಒಂದು ಉದ್ದೇಶವೇ ಉಕ್ಕಿನ ಪಿನ್ನನ್ನು ಮೊದಲ ಕೆಲವು ಸುತ್ತಿನಲ್ಲಿ ಮಸೆದು ಗೆರೆಗೆ ಹೊಂದಿಸುವುದು. ಹಾಗೆ ಮಸೆದ ಪಿನ್ನನ್ನು ಇನ್ನೊಂದು ಬದಿಗೆ ಬಳಸಿದರೆ ಅದು ಉಳಿಯಾಗುತ್ತದೆ. ಒಂದು ಬದಿಗೆ ಒಂದು ಪಿನ್ನು ಎಂಬ ನಿಯಮ ಅದಕ್ಕೇ ಇತ್ತು. ಪಿನ್ನು ತುಟ್ಟಿ ಎಂದು ಯಾರೂ ಪಾಲಿಸುತ್ತಿರಲಿಲ್ಲ. ಸಿನಿಮಾ ಹಾಡುಗಳನ್ನು ಹೊಸ ಪಿನ್ನು ಹಾಕಿ ಹಬ್ಬದ ದಿನ ಕೇಳಿ, ಸಂತೋಷ. ಆ ಮೂರನ್ನು ಅದರ ಮೇಲೆ ಇಡಬೇಡಿ.

ಡಿಜಿಟಲ್ ಮಾಡುವಾಗ 24 ಬಿಟ್, 96 ಕಿಲೋಹರ್ಟ್ಸ್‌ನ ವೇವ್ ಕಡತ, ಎಂಪಿ3 ಆಮೇಲೆ. ಪ್ಲೇಟು ಮೋನೋ ಆದರೂ ಸ್ಟೀರಿಯೋದಲ್ಲೇ ಮುದ್ರಿಸಿ. ಗೆರೆಯ ಎರಡು ಗೋಡೆಗಳಲ್ಲಿ ಒಂದು ಹೆಚ್ಚು ಸವೆದಿರುತ್ತದೆ, ಕೇಳಿ ನೋಡಿ ಒಳ್ಳೆಯದನ್ನು ಉಳಿಸಿಕೊಳ್ಳಬಹುದು. ಆಂಪ್ಲಿಫೈಯರಿನ ಫೋನೋ ಭಾಗ 1950ರ ದಶಕದ ಆರ್‌ಐಎಎ ಎಂಬ ಸ್ವರ ಹೊಂದಿಕೆಯ ಲೆಕ್ಕಕ್ಕೆ ಮಾಡಿದ್ದು. ಅದಕ್ಕೂ ಹಿಂದಿನ ಪ್ಲೇಟಿಗೆ ಅದು ಮೇಲಿನ ಸ್ವರಗಳನ್ನು ಅನ್ಯಾಯವಾಗಿ ತಗ್ಗಿಸುತ್ತದೆ. ಮಂಕಾಗಿ ಕೇಳಿದರೆ ಗಾಯಕಿಯನ್ನು ದೂರುವ ಮುಂಚೆ ಅದನ್ನು ಸರಿಪಡಿಸಿ. ಸೀಳು ಬಿಟ್ಟ ಪ್ಲೇಟನ್ನು 45ರ ವೇಗದಲ್ಲಿ ಹಚ್ಚಿ, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ವೇಗವನ್ನು ಶೇ. 73.3 ಏರಿಸಿದರೆ 78ಕ್ಕೆ ಬರುತ್ತದೆ, ಮುಳ್ಳು ಹಾರುವುದು ಕಡಿಮೆಯಾಗುತ್ತದೆ. ಕರಕರ ತೆಗೆಯುವ ಫಿಲ್ಟರಿಗೆ ಕೈ ಹಾಕುವ ಮುಂಚೆ ಮೂಲ ಕಡತವನ್ನು ಎರಡು ಕಡೆ ಇಟ್ಟುಕೊಳ್ಳಿ. ಆ ಫಿಲ್ಟರು ಅತಿಯಾದರೆ ಸ, ಶ, ಚ ಅಕ್ಷರಗಳೇ ಮಾಯ, ಪಲ್ಲವಿ ಹುಡುಕಲು ಬೇಕಾದದ್ದೂ ಅವೇ.

ವೇಗದ ಮಾತು ಬಂದಿದ್ದರಿಂದ: 78 ಎಂಬುದು ಆಮೇಲೆ ನೆಲೆ ನಿಂತ ಸಂಖ್ಯೆ. ಹಳೆಯವು 70ರ ಆಸುಪಾಸಿಗೂ ಇವೆ, 80 ದಾಟಿದವೂ ಇವೆ. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ಹಚ್ಚಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಏರುತ್ತದೆ, ಕಂಠ ಎಳೆಯದಾಗುತ್ತದೆ. ಕಂಪನಿ ನಾಟಕಗಳಲ್ಲಿ ಗಂಡಸರೇ ಸ್ತ್ರೀಪಾತ್ರ ಹಾಡುತ್ತಿದ್ದ ಕಾಲ ಅದು. ಲೇಬಲ್ ಅಳಿಸಿದ ಪ್ಲೇಟಿನಲ್ಲಿ ಹಾಡಿದವರು ಗಂಡೋ ಹೆಣ್ಣೋ ಎಂಬ ತೀರ್ಮಾನವೇ ತಪ್ಪಾಗಬಹುದು. ನಿಮ್ಮದರಲ್ಲಿ ಪೇಟಿ ಇದ್ದರೆ ಅನುಕೂಲ: ವೇಗ ಹೊಂದಿಸುತ್ತಾ ಹೋಗಿ, ಪೇಟಿಯ ಸ್ವರ ಯಾವುದಾದರೊಂದು ಮನೆಗೆ ಸರಿಯಾಗಿ ಕೂರುವಲ್ಲಿ ನಿಲ್ಲಿಸಿ. ಹಳೆ ಪೇಟಿಗಳ ಶ್ರುತಿಯೂ ಒಂದೇ ಇರಲಿಲ್ಲವಾದ್ದರಿಂದ ಇದು ಅಂದಾಜು, ಪ್ರಮಾಣವಲ್ಲ.

ಬೆಲೆಯ ವಿಚಾರದಲ್ಲಿ ವ್ಯಾಪಾರಿಯೂ ಭಾವನವರೂ ಇಬ್ಬರೂ ಊಹೆಯ ಮೇಲೆ ಮಾತಾಡುತ್ತಿದ್ದಾರೆ. ಹಳೆಯದು ಎಂಬ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಜನಪ್ರಿಯ ಸಿನಿಮಾ ಹಾಡಿಗೆ ಇಂದಿಗೂ ಕೆಲವು ನೂರು ರೂಪಾಯಿ. ಅಪರೂಪದ್ದಕ್ಕೂ ಕೊಳ್ಳುವ ಇಬ್ಬರು ಇದ್ದರೆ ಮಾತ್ರ ಬೆಲೆ, ಮರೆತುಹೋದ ಗಾಯಕಿಯನ್ನು ಕೇಳಿಕೊಂಡು ಬರುವವರೇ ಕಡಿಮೆ. ಹೀಗಾಗಿ ಚರಿತ್ರೆಗೆ ಅತಿ ಮುಖ್ಯವಾದ ಪ್ಲೇಟು ಸಂತೆಯಲ್ಲಿ ಅಗ್ಗವಾಗಿರಬಹುದು. ಪ್ಲೇಟು ಕಂಪನಿಯವರ ಬಳಿ ಮೂಲ ಅಚ್ಚು ಇದ್ದೇ ಇರುತ್ತದೆ ಎಂದು ನೆಚ್ಚಬೇಡಿ. ಓಡದ ಹಾಡುಗಳ ಲೋಹದ ಅಚ್ಚುಗಳನ್ನು ಕರಗಿಸಿದ್ದೇ ಹೆಚ್ಚು. ನಿಮ್ಮ ಮುಂದೆ ಮೂರು ದಾರಿಗಳಿವೆ. ಸಿನಿಮಾ ಪ್ಲೇಟುಗಳನ್ನು ಪಟ್ಟಿ ಮಾಡಿ ಬಿಡಿಬಿಡಿಯಾಗಿ ಮಾರಬಹುದು. ಟ್ರಂಕ್ ಸಮೇತ ಕೊಡುವುದಕ್ಕಿಂತ ಲಾಭ, ತಲೆನೋವೂ ಹೆಚ್ಚು. ಕನ್ನಡದ ಮೂರನ್ನು ಸಂಗ್ರಹಾಲಯಕ್ಕೆ ಕೊಡಬಹುದು. ಆಗ ಡಿಜಿಟಲ್ ಪ್ರತಿ ನಿಮಗೆ ಸಿಗಬೇಕು, ಪಟ್ಟಿಯಲ್ಲಿ ಅದು ಬಂದ ಊರು ನಮೂದಾಗಬೇಕು ಎಂದು ಬರೆಸಿಕೊಳ್ಳಿ. ಇಲ್ಲವೆ ಮನೆಯಲ್ಲೇ ಇಟ್ಟುಕೊಳ್ಳಿ: ನೆಟ್ಟಗೆ, ಓರೆಯಾಗದಂತೆ, ಪ್ರತಿಯೊಂದಕ್ಕೂ ಹೊಸ ಕಾಗದದ ಚೀಲ ಹಾಕಿ, ಮಳೆಗಾಲದ ತೇವ ತಾಕದ ಒಳಕೋಣೆಯಲ್ಲಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಬಿರುಕು ಬಿಡುತ್ತವೆ. ನನ್ನ ಒಲವು ಎರಡನೆಯದಕ್ಕೆ.

ಯೂಟ್ಯೂಬಿನ ಪ್ರಶ್ನೆಗೆ ಚಿಕ್ಕ ಉತ್ತರ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1960ರಲ್ಲಿ ಹೊರಬಂದದ್ದು 2020ರ ಕೊನೆಗೆ ಮುಗಿಯಿತು. ಸಾಹಿತ್ಯ, ಸಂಗೀತದ ಹಕ್ಕು ಬೇರೆ ಲೆಕ್ಕ: ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಹಾಗಾಗಿ ಪ್ಲೇಟು 1935ರದ್ದೇ ಆದರೂ ನಾಟಕದ ಕವಿ 1980ರಲ್ಲಿ ತೀರಿಕೊಂಡಿದ್ದರೆ ಹಾಡಿನ ಪದಗಳ ಹಕ್ಕು ಇನ್ನೂ ಜೀವಂತ. ದಾಸರ ಪದ, ವಚನಕ್ಕೆ ಈ ತೊಡಕಿಲ್ಲ. ಹಕ್ಕು ಮುಗಿದಿದ್ದರೂ ಯೂಟ್ಯೂಬಿನ ಯಂತ್ರ ಯಾವುದೋ ಕಂಪನಿಯ ಹೆಸರಿನಲ್ಲಿ ತಕರಾರು ಎತ್ತುವುದುಂಟು. ಲೇಬಲ್ಲಿನ ಫೋಟೋ ಮತ್ತು ವರ್ಷದ ಆಧಾರ ಕೈಯಲ್ಲಿದ್ದರೆ ಉತ್ತರಿಸಬಹುದು. ಶೀರ್ಷಿಕೆಯಲ್ಲಿ ಊಹೆಯ ಹೆಸರು ಹಾಕಬೇಡಿ. ‘ಮಿಸ್ (ಹೆಸರು ಅಳಿಸಿದೆ) ಆಫ್ ಹುಬ್ಳಿ’ ಎಂದೇ ಹಾಕಿ, ಕೆಳಗೆ ಸಂಖ್ಯೆಗಳನ್ನು ಕೊಡಿ. ಇನ್ನೊಂದು ಪ್ರತಿ ಇಟ್ಟುಕೊಂಡವರು ಹುಡುಕುವುದು ಸಂಖ್ಯೆಯಿಂದಲೇ.

ಒಡೆದ ಎರಡನ್ನು ಫೆವಿಕ್ವಿಕ್ಕಿನಿಂದ ಅಂಟಿಸಬೇಡಿ. ಅಂಟು ಗೆರೆಗೆ ಇಳಿದರೆ ಮತ್ತೆ ಯಾರಿಂದಲೂ ಏನೂ ಮಾಡಲಾಗದು. ಚೂರುಗಳು ಒಂದಕ್ಕೊಂದು ಉಜ್ಜದಂತೆ ಬಿಡಿಬಿಡಿಯಾಗಿ ಕಾಗದ ಸುತ್ತಿ, ಚಿಟಿಕೆಯಷ್ಟಿದ್ದರೂ ಬಿಡದೆ ಒಂದೇ ಡಬ್ಬಿಯಲ್ಲಿಡಿ. ಜೋಡಿಸಿ ಹಚ್ಚಿ ಹಾಡು ಎತ್ತುವವರಿದ್ದಾರೆ.

ಕೊನೆಗೆ, ಮನೆ ಕೆಡವುವ ಕೆಲಸ ಇನ್ನೂ ನಡೆದಿದೆ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಹಾಗಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಪ್ಲೇಟಿನ ಹಳೆ ಚೀಲಗಳನ್ನು ಎಸೆಯಬೇಡಿ, ಅವುಗಳ ಮೇಲೆ ಮಾರಿದ ಅಂಗಡಿಯ ಹೆಸರು, ಊರು ಅಚ್ಚಾಗಿರುತ್ತದೆ. ಅಟ್ಟದ ರದ್ದಿ ತೂಕಕ್ಕೆ ಹೋಗುವ ಮುಂಚೆ ಕೂತು ತಿರುವಿ ಹಾಕಿ. ಚಕ್ಕಡಿ ಕಟ್ಟಿಕೊಂಡು ನಾಟಕಕ್ಕೆ ಹೋದವರು ಹಾಡಿನ ಪುಸ್ತಕ ಕೊಳ್ಳದೆ ಬರುತ್ತಿದ್ದದ್ದು ಕಡಿಮೆ. ಅಂಗೈ ಅಗಲದ್ದು, ಒರಟು ಕಾಗದ, ಮೇಲೆ ಕಂಪನಿಯ ಹೆಸರು. ಅದು ಆ ಟ್ರಂಕಿನ ಪಕ್ಕದ ಕಂತೆಯಲ್ಲೇ ಇದ್ದರೂ ಇರಬಹುದು.